ಹೊಸ ಒಲೆ ಹತ್ತದ ಎಂಟು ದಿನ

ನಮ್ಮ ಮನೆಯ ಹಳೆಯ ಒಲೆಗೆ ಎರಡು ಬರ್ನರ್. ಎಡಗಡೆಯದು ಹತ್ತಬೇಕಾದರೆ ಪಕ್ಕೆಗೆ ಲಟ್ಟಣಿಗೆಯಿಂದ ಎರಡೇಟು ಕೊಡಬೇಕಿತ್ತು. ಬಲಗಡೆಯದು ಮರ್ಯಾದಸ್ಥ, ಕಡ್ಡಿ ಗೀರಿದ ಕೂಡಲೇ ಹತ್ತುತ್ತಿತ್ತು, ಆದರೆ ಆರಬೇಕಾದರೆ ಅದಕ್ಕೂ ಏಟು ಬೇಕು. ನನ್ನ ತಾಯಿಗೂ ಹೆಂಡತಿಗೂ ಈ ವಿದ್ಯೆ ಕರತಲಾಮಲಕ. ಅತ್ತೆ ಸೊಸೆ ಇಬ್ಬರೂ ಸೇರಿ ಬಡಿಯುವುದಕ್ಕೆ ಆ ಒಲೆಯೊಂದು ಇದ್ದದ್ದರಿಂದಲೇ ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಬೇರೆ ಜಗಳ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯವನ್ನು ನಾನು ಅಡುಗೆಮನೆಯಲ್ಲಿ ಎಂದೂ ಹೇಳಿಲ್ಲ.

ಒಲೆ ಬದಲಾಯಿಸಿ ಎಂದು ಅವರಿಬ್ಬರಲ್ಲಿ ಯಾರೂ ಕೇಳಿದವರಲ್ಲ. ತಪ್ಪು ನನ್ನ ನಾಲಿಗೆಯದು. ನಾನು ಪುರಸಭೆಯ ಜನನ-ಮರಣ ವಿಭಾಗದ ಗುಮಾಸ್ತ. ನಮ್ಮ ಎದುರು ಮನೆಯಲ್ಲೇ ಇರುವ ಟಪಾಲು ಗುಮಾಸ್ತ ಒಂದು ದಿನ ಆಫೀಸಿನಲ್ಲಿ ತನ್ನ ಮನೆಯ ಹೊಸ ಒಲೆಯ ಗುಣಗಾನ ಶುರುಮಾಡಿದ. ಗಾಜಿನ ಮೈಯಂತೆ, ಮೂರು ಬರ್ನರಂತೆ, ಕೂರಿಸುವುದಕ್ಕೆ ಅಂಗಡಿಯಿಂದ ಇಬ್ಬರು ಬಂದಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು.

"ಒಂದು ಒಲೆ ಕೂರಿಸೋಕೆ ಇಬ್ಬರು ಬೇಕೇನ್ರೀ?" ಎಂದೆ. "ನಾವೂ ಈ ಭಾನುವಾರ ಹೊಸದು ತರ್ತಿದೀವಿ. ನಾನೂ ನನ್ನ ಗೆಳೆಯನೂ ಅರ್ಧ ಗಂಟೇಲಿ ಕೂರಿಸಿ ಕೈ ತೊಳ್ಕೋತೀವಿ."

ನಾನೂ ನನ್ನ ಗೆಳೆಯನೂ ಸೇರಿದರೆ ಇಬ್ಬರೇ ಆಗುತ್ತೇವೆ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಆಡಿದ ಮಾತು ಆಗಲೇ ಆಫೀಸು ಪೂರ್ತಿ ಸುತ್ತಿ ಬಂದಿತ್ತು.

ಗೆಳೆಯನ ವಿಚಾರ ಹೇಳಬೇಕು. ಅವನನ್ನು ಎಲ್ಲರೂ ಕರೆಯುವುದು ಎಂಜಿನಿಯರ್ ಎಂದು. ಓದಿದ್ದು ಅದಲ್ಲ, ಮಾಡುವ ಕೆಲಸ ಉಗ್ರಾಣದಲ್ಲಿ ಮೂಟೆ ತೂಗುವುದು. ಶಾಲೆಯಲ್ಲಿದ್ದಾಗ ಕೆಟ್ಟುಹೋಗಿದ್ದ ವಿದ್ಯುತ್ ಗಂಟೆಯನ್ನು ಅವನು ರಿಪೇರಿ ಮಾಡಿದ. ಅದು ಬೆಳಿಗ್ಗೆ ಹತ್ತೂವರೆಗೆ ಹೊಡೆದುಕೊಳ್ಳಲು ಶುರುವಾದದ್ದು ಸಂಜೆ ನಾಲ್ಕರವರೆಗೆ ನಿಲ್ಲಲಿಲ್ಲ. ಇಡೀ ಶಾಲೆಗೆ ರಜೆ ಸಿಕ್ಕಿತು. ಕೃತಜ್ಞರಾದ ಮಕ್ಕಳು ಕೊಟ್ಟ ಬಿರುದು ಅದು. ಅವನು ಅದನ್ನು ಇವತ್ತಿಗೂ ಗಂಭೀರವಾಗಿ ಇಟ್ಟುಕೊಂಡಿದ್ದಾನೆ.

ಭಾನುವಾರ ಎಂಜಿನಿಯರ್ ಬಂದ. ಬಗಲಲ್ಲಿ ಸ್ಪ್ಯಾನರುಗಳ ಡಬ್ಬಿ, ಕಿವಿಯ ಮೇಲೆ ಪೆನ್ಸಿಲ್. ಹೊಸ ಒಲೆಯನ್ನು ಪೆಟ್ಟಿಗೆಯಿಂದ ತೆಗೆದು, ಸುತ್ತ ಮೂರು ಸಲ ನಡೆದು, ಜೊತೆಗೆ ಬಂದಿದ್ದ ಸೂಚನಾ ಪುಸ್ತಕವನ್ನು ಓದದೆ ನನ್ನ ಹೆಂಡತಿಯ ಕೈಗೆ ಕೊಟ್ಟ.

"ಇದು ಗೊತ್ತಿಲ್ಲದವರಿಗೆ," ಎಂದ.

ಮೊದಲು ಹಳೆಯ ಒಲೆಯಿಂದ ಗ್ಯಾಸಿನ ಟ್ಯೂಬು ಕಳಚಬೇಕಿತ್ತು. ಅದು ಬರಲಿಲ್ಲ. ನಾನು ಒಲೆ ಹಿಡಿದುಕೊಂಡೆ, ಅವನು ಟ್ಯೂಬು ಎಳೆದ. ಅವನು ಒಲೆ ಹಿಡಿದುಕೊಂಡ, ನಾನು ಟ್ಯೂಬು ಎಳೆದೆ. ಕೊನೆಗೆ ಇಬ್ಬರೂ ಕೂತುಕೊಂಡೆವು.

"ಇರಲಿ ಬಿಡು," ಎಂದ ಎಂಜಿನಿಯರ್. "ಸಿಲಿಂಡರ್ ಸಮೇತ ಒಟ್ಟಿಗೇ ಹೊರಗೆ ಇಡೋಣ. ಹೊಸ ಒಲೆಗೆ ಆ ಇನ್ನೊಂದು ಸಿಲಿಂಡರ್ ಇದೆಯಲ್ಲ."

ಹಳೆಯ ಒಲೆ ತನ್ನ ಸಿಲಿಂಡರಿನ ಜೊತೆ ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹೋಗಿ ಕೂತಿತು. ಹೊಸದು ಅಡುಗೆಕಟ್ಟೆ ಏರಿತು. ಅದು ಸ್ವಲ್ಪ ಜಾರುತ್ತಿದೆ ಎಂದು ಎಂಜಿನಿಯರಿಗೆ ಅನಿಸಿತು. ಜೇಬಿನಿಂದ ಒಂದು ಟ್ಯೂಬು ಗೋಂದು ತೆಗೆದು ಒಲೆಯ ನಾಲ್ಕು ಕಾಲಿಗೂ ಧಾರಾಳವಾಗಿ ಹಚ್ಚಿ ಒತ್ತಿ ಹಿಡಿದ.

"ಲಾರಿ ಕಟ್ಟಿ ಎಳೆದರೂ ಅಲ್ಲಾಡಲ್ಲ," ಎಂದ. ಆ ಮಾತೊಂದು ನಿಜವಾಯಿತು.

ಅದಾದ ಮೇಲೆ ಗ್ಯಾಸು ಜೋಡಿಸುವ ಕೆಲಸ. ಒಲೆಯ ಹಿಂದೆ ಟ್ಯೂಬು ಸಿಕ್ಕಿಸುವುದಕ್ಕೆ ಒಂದು ಹಿತ್ತಾಳೆಯ ಮೂತಿ ಇರುತ್ತದೆ, ನಾಜಲ್ ಎನ್ನುತ್ತಾರೆ. ಎಂಜಿನಿಯರ್ ಅದನ್ನು ಸ್ಪ್ಯಾನರಿನಿಂದ ಬಿಗಿ ಮಾಡಿದ. "ಸಾಕಲ್ವಾ?" ಎಂದೆ. "ಗ್ಯಾಸಿನ ವಿಷಯದಲ್ಲಿ ಸಾಕು ಅನ್ನೋದೇ ಇಲ್ಲ," ಎಂದು ಇನ್ನೊಂದು ಸುತ್ತು ತಿರುಗಿಸಿದ. ಟಕ್ ಎಂದಿತು. ಮೂತಿ ಮುರಿದು ಅವನ ಕೈಗೆ ಬಂತು.

ಅಂಗಡಿಗೆ ಫೋನ್ ಮಾಡಿದರೆ, ಈ ಮಾದರಿಯ ನಾಜಲ್ ಸದ್ಯಕ್ಕಿಲ್ಲ, ಒಲೆಯನ್ನೇ ತಂದುಬಿಡಿ ಬದಲಾಯಿಸಿ ಕೊಡುತ್ತೇವೆ ಎಂದರು. ಒಲೆ ಏಳಲಿಲ್ಲ. ಹಳೆಯದನ್ನು ಅಡುಗೆಕಟ್ಟೆಗೆ ವಾಪಸು ಇಡೋಣವೆಂದರೆ ಜಾಗವಿಲ್ಲ. ಎಂಜಿನಿಯರ್ ಮುರಿದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ನಾನು ಮುರಿದದ್ದು, ನಾನೇ ತರ್ತೀನಿ. ಬೇರೆಯವರು ಯಾರಾದರೂ ಇದನ್ನ ಮುಟ್ಟಿದ್ರೆ ನನ್ನ ಮೇಲಾಣೆ," ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಹೀಗಾಗಿ ಸೋಮವಾರ ಬೆಳಿಗ್ಗೆ ನಮ್ಮ ಮನೆಯ ಚಿತ್ರ ಹೀಗಿತ್ತು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಗಿಡ್ಡ ಮಣೆಯ ಮೇಲೆ ಕೂತು, ಹಳೆಯ ಒಲೆಗೆ ಲಟ್ಟಣಿಗೆಯಿಂದ ಬಡಿಯುತ್ತ ಟೀ ಕಾಯಿಸುತ್ತಿರುವ ನನ್ನ ತಾಯಿ. ಒಳಗೆ ಅಡುಗೆಮನೆಯಲ್ಲಿ, ಥಳಥಳ ಹೊಳೆಯುವ ಹೊಸ ಒಲೆಯ ಮುಂದೆ ನಿಂತು ತರಕಾರಿ ಹೆಚ್ಚುತ್ತಿರುವ ನನ್ನ ಹೆಂಡತಿ. ಎದುರು ಮನೆಯ ಕಿಟಕಿಯಲ್ಲಿ ಟಪಾಲು ಗುಮಾಸ್ತನ ಹೆಂಡತಿ. ಆಕೆಯನ್ನು ನಾವು ಮನೆಯೊಳಗೆ ಕಿಟಕಿಯಮ್ಮ ಎನ್ನುತ್ತೇವೆ. ಬಾಗಿಲಲ್ಲಿ ಆಕೆಯನ್ನು ಕಂಡವರು ಕಡಿಮೆ.

ಮಂಗಳವಾರ ಹಾಲಿನವನು ನನ್ನನ್ನು ಮೆಟ್ಟಿಲ ಹತ್ತಿರ ತಡೆದ. ದನಿ ತಗ್ಗಿಸಿ, ಸಾವಿನ ಮನೆಗೆ ಬಂದವನಂತೆ ಕೇಳಿದ.

"ಸಾರ್, ಹಾಲು ಒಂದೇ ಪಾತ್ರೆಗೆ ಹಾಕ್ಲಾ, ಎರಡು ಪಾತ್ರೆಗೆ ಹಾಕ್ಲಾ?"

"ಯಾವಾಗ್ಲೂ ಹಾಕೋ ಹಾಗೇ ಹಾಕಪ್ಪ. ಯಾಕೆ?"

"ಅಲ್ಲ, ಒಲೆ ಬೇರೆ ಆಯ್ತಂತಲ್ಲ. ಮನೆ ಅಂದ್ಮೇಲೆ ಇದ್ದದ್ದೇ ಬಿಡಿ. ಆದ್ರೂ ಆ ವಯಸ್ಸಾದ ತಾಯಿಗೆ ಹಳೇ ಒಲೆ ಕೊಟ್ಟು ಹೊರಗೆ ಕೂರಿಸಬಾರದಿತ್ತು, ಸಾರ್. ನಾನು ಸಣ್ಣವನು, ಹೇಳಬಾರದು."

ಹೇಳಬಾರದು ಎಂದವನು ಮುಂದೆ ಹತ್ತು ನಿಮಿಷ ಹೇಳಿದ. ನಾನು ಗೋಂದಿನ ಕಥೆ ಹೇಳಿದೆ. ಅವನು ತಲೆದೂಗಿ, "ಒಳ್ಳೆ ಕಥೆ ಸಾರ್, ಕೇಳಿದವರಿಗೆ ಇದನ್ನೇ ಹೇಳಿ," ಎಂದು ಹೋದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆಯೂ ಇದ್ದಾರೆ, ನಮ್ಮ ಆಫೀಸಿನಲ್ಲಿ ಸ್ವಲ್ಪ ಹೆಚ್ಚು. ಬುಧವಾರ ಮೇಲಧಿಕಾರಿಗಳು ನನ್ನನ್ನು ಎಲ್ಲರ ಎದುರಿಗೇ ಕರೆದರು.

"ಏನ್ರೀ, ಜನನ-ಮರಣ ವಿಭಾಗದಲ್ಲಿ ಕೂತು ಜನನ ಕೊಟ್ಟವಳನ್ನೇ ಮರೆತ್ರಾ?" ಎಂದು ಶುರುಮಾಡಿ, ತಾಯಿಯ ಋಣದ ಬಗ್ಗೆ ಇಡೀ ಆಫೀಸಿಗೆ ಕೇಳುವಂತೆ ಮಾತಾಡಿದರು. ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಟಪಾಲು ಗುಮಾಸ್ತ ಲಕೋಟೆಗೆ ಅಂಟು ಹಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ನಾನು "ಸಾರ್, ನಾಜಲ್..." ಎಂದೆ. "ಬಾಯಿ ಮುಚ್ರೀ! ಒಳಗೆ ಬನ್ನಿ," ಎಂದರು.

ಒಳಗೆ ಹೋದೆ. ಅವರು ಬಾಗಿಲು ಹಾಕಿದರು, ಚಿಲಕವನ್ನೂ ಹಾಕಿದರು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಹೇಗ್ರೀ ಮಾಡಿದ್ರಿ?"

"ಏನು ಸಾರ್?"

"ನಮ್ಮನೇಲಿ ಹದಿನಾಲ್ಕು ವರ್ಷದಿಂದ ಇಬ್ಬರೂ ಒಂದೇ ಒಲೆ ಮುಂದೆ ನಿಂತು ಯುದ್ಧ ಮಾಡ್ತಿದಾರೆ. ನಡುವೆ ನಾನು ಅಡಕತ್ತರಿಗೆ ಸಿಕ್ಕ ಅಡಿಕೆ. ನೀವು ಮೊದಲು ಯಾರಿಗೆ ಹೇಳಿದ್ರಿ? ತಾಯಿಗೋ, ಹೆಂಡ್ತಿಗೋ? ಅಳು ಎಷ್ಟು ಹೊತ್ತು ಇತ್ತು?"

ಅವರು ಪೆನ್ನು ಕಾಗದ ಹಿಡಿದು ಕೂತಿದ್ದರು. ನಾನು ಗೋಂದಿನ ಕಥೆ ಹೇಳಿದೆ. ಅವರು "ಗೋಂದು" ಎಂದು ಬರೆದುಕೊಂಡು ಅಡಿಗೆರೆ ಹಾಕಿದರು.

ಅಂದು ಸಂಜೆ ನಿರ್ಧಾರ ಮಾಡಿಕೊಂಡೇ ಮನೆಗೆ ಹೊರಟೆ. ಕಿಟಕಿಯಮ್ಮನನ್ನು ಕರೆದುತಂದು, ಅಡುಗೆಕಟ್ಟೆಯ ಮುಂದೆ ನಿಲ್ಲಿಸಿ, ಮೂತಿಯಿಲ್ಲದ ಒಲೆ ತೋರಿಸಿ, ಈ ಕಥೆಯನ್ನು ಮುಗಿಸಿಬಿಡಬೇಕು ಎಂದು. ಮೆಟ್ಟಿಲು ಹತ್ತಿದರೆ ಬಾಗಿಲಲ್ಲಿ ಒಂದು ಜೊತೆ ದೊಡ್ಡ ಕಪ್ಪು ಬೂಟು. ಒಳಗೆ, ಮುಂದಿನ ಕೋಣೆಯಲ್ಲಿ, ಸೂಟ್‌ಕೇಸನ್ನು ಪಕ್ಕಕ್ಕೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದವರು ನನ್ನ ಸೋದರಮಾವ.

ಈ ಬೂಟು ನಮ್ಮ ಬಾಗಿಲಿಗೆ ಬಂದು ಆರು ವರ್ಷವಾಗಿತ್ತು. ಮಾವ ನಿವೃತ್ತ ಹೆಡ್ಮಾಸ್ಟರು, ಗಣಿತದವರು. ಆರು ವರ್ಷದ ಹಿಂದೆ ನಮ್ಮ ಮನೆಗೆ ಊಟಕ್ಕೆ ಬಂದಾಗ ಕುರ್ಚಿಯೊಂದು ಮುರಿದು ನೆಲಕ್ಕೆ ಬಿದ್ದರು. ಪೆಟ್ಟಾಗಲಿಲ್ಲ, ಆದರೆ ನನ್ನ ತಾಯಿ ನಕ್ಕುಬಿಟ್ಟಳು. "ನೀನಾಗಿ ಕರೆಯೋ ತನಕ ಈ ಮನೆ ಮೆಟ್ಟಿಲು ಹತ್ತಲ್ಲ," ಎಂದು ಎದ್ದು ಹೋದರು ಮಾವ. "ಹೋಗು ಅಂತ ನಾನು ಹೇಳಿಲ್ಲ, ಬಾ ಅಂತ ನಾನ್ಯಾಕೆ ಹೇಳ್ಲಿ?" ಎಂದಳು ತಾಯಿ. ಒಂದೂವರೆ ಗಂಟೆಯ ಬಸ್ ದಾರಿ. ಆರು ವರ್ಷ ಯಾರೂ ಬಸ್ ಹತ್ತಲಿಲ್ಲ. ಕಿಟಕಿಯಮ್ಮನ ತಂಗಿ ಮಾವನ ಬೀದಿಯಲ್ಲೇ ಇದ್ದದ್ದು ನಮಗೆ ಆ ದಿನವೇ ಗೊತ್ತಾದದ್ದು.

"ಬಂದ್ಯಾ?" ಎಂದರು ಮಾವ, ತಡವಾಗಿ ಬಂದ ಹುಡುಗನನ್ನು ನೋಡುವಂತೆ. "ನನ್ನ ತಂಗಿಗೆ ಹಳೇ ಒಲೆ, ನಿನ್ನ ಹೆಂಡ್ತಿಗೆ ಹೊಸ ಒಲೆ. ಚೆನ್ನಾಗಿದೆ. ನ್ಯಾಯ ಮಾಡಿಸೋಕೆ ಬಂದಿದೀನಿ. ಇವರಿಬ್ಬರೂ ಒಂದಾಗೋ ತನಕ ಇಲ್ಲಿರ್ತೀನಿ, ಒಂದಾದ ದಿನ ಹೊರಡ್ತೀನಿ. ಆಗಲ್ಲ ಅಂದ್ರೆ ಇವಳನ್ನ ಕರ್ಕೊಂಡು ಹೋಗ್ತೀನಿ."

"ಮಾವ, ಅದು ಹಾಗಲ್ಲ. ಆ ಒಲೆಗೆ ನಾ..."

"ನಾಚಿಕೆ ಆಗಬೇಕು ಇವನಿಗೆ!" ಎಂದಳು ನನ್ನ ತಾಯಿ, ಎಲ್ಲಿಂದಲೋ ನುಗ್ಗಿ ಬಂದು. ನನ್ನ ತೋಳು ಹಿಡಿದು ಬಚ್ಚಲಿಗೆ ಎಳೆದೊಯ್ದು ನಲ್ಲಿ ಜೋರಾಗಿ ಬಿಟ್ಟಳು.

"ಬಾಯಿ ಬಿಟ್ಟೀಯೆ, ಜೋಕೆ!"

"ಅಮ್ಮ, ಊರೆಲ್ಲ ನನ್ನ ಮುಖಕ್ಕೆ ಉಗೀತಿದೆ. ಸತ್ಯ ಹೇಳಬೇಡ ಅಂತೀಯ?"

"ಬೇಡ. ಸತ್ಯ ಹೇಳಿದ್ರೆ ಅವನು ಮುಂದಿನ ಬಸ್ಸಿಗೇ ಎದ್ದು ಹೋಗ್ತಾನೆ. ಅವನಿಗೆ ಎಪ್ಪತ್ತೆರಡು, ನನಗೆ ಅರವತ್ತೆಂಟು. ಇನ್ನೆಷ್ಟು ಆರು ವರ್ಷ ಇದಾವೆ ಕಣೋ ನಮ್ಮ ಹತ್ರ? ಬಾ ಅಂತ ಕರೆಯೋಕೆ ನನ್ನ ನಾಲಿಗೆ ಏಳಲಿಲ್ಲ. ತಾನಾಗಿ ಬಂದಿದಾನೆ. ನಾಲ್ಕು ದಿನ ನಾವು ಜಗಳ ಆಡಿದ ಹಾಗೆ ಇದ್ರೆ ನಿನ್ನ ಗಂಟೇನು ಹೋಗುತ್ತೆ?"

ಅವಳ ಕಣ್ಣಲ್ಲಿ ನೀರಿತ್ತು. ನಲ್ಲಿಯದಲ್ಲ. ನಾನು ನಲ್ಲಿ ನಿಲ್ಲಿಸಿದೆ.

ಹೆಂಡತಿಯನ್ನು ಒಪ್ಪಿಸುವುದು ಕಷ್ಟ ಎಂದುಕೊಂಡಿದ್ದೆ. ಅವಳು ಎರಡು ಕ್ಷಣ ಯೋಚಿಸಿ, "ಅಂದ್ರೆ ನಾನು ಕೆಟ್ಟ ಸೊಸೆ?" ಎಂದಳು. "ಹೌದು, ನಾಲ್ಕೇ ದಿನ," ಎಂದೆ. ಅವಳ ಮುಖದಲ್ಲಿ ಬಂದ ಬೆಳಕನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ಯಾರ್ರೀ ಅದು ಅಡುಗೆಮನೆ ಹೊಸ್ತಿಲು ತುಳಿದದ್ದು?" ಎಂದು ಅಲ್ಲಿಂದಲೇ ಕೂಗಿದಳು. "ನನ್ನ ಒಲೆ ಹತ್ರ ಯಾರೂ ಸುಳೀಬಾರದು ಅಂತ ಹೇಳಿಲ್ವಾ?"

"ಯಾರಿಗೆ ಬೇಕಮ್ಮ ನಿನ್ನ ಒಲೆ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!" ಎಂದಳು ತಾಯಿ ಇತ್ತಕಡೆಯಿಂದ, ಅಣ್ಣನಿಗೆ ಎರಡನೇ ಲೋಟ ಟೀ ಬಗ್ಗಿಸುತ್ತ.

ಮುಂದಿನ ಮೂರು ದಿನ ನಮ್ಮ ಮನೆಯಲ್ಲಿ ನಡೆದ ಜಗಳದಷ್ಟು ಸೊಗಸಾದ ಜಗಳವನ್ನು ನಾನು ಬೇರೆಲ್ಲೂ ನೋಡಿಲ್ಲ. ಮಾವ ಸ್ನಾನಕ್ಕೆ ಹೋದಾಗ ಅತ್ತೆ ಸೊಸೆ ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತ, ಮುಂದಿನ ಜಗಳಕ್ಕೆ ಯಾರು ಏನು ಹೇಳಬೇಕೆಂದು ಮಾತಾಡಿಕೊಳ್ಳುತ್ತಿದ್ದರು. ಕಷ್ಟವೆಲ್ಲ ನನ್ನದು. ಮನೆಯಲ್ಲಿ ಹತ್ತುವ ಒಲೆ ಒಂದೇ, ಅದು ಮಾವನ ಕಣ್ಣೆದುರಿಗೇ ಇದೆ. ಅಡುಗೆಮನೆಯಲ್ಲಿ ಹೆಂಡತಿ ಹತ್ತದ ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು ಸೌಟಿನಿಂದ ಗರಗರ ತಿರುಗಿಸುತ್ತಿದ್ದಳು. ಅವಳು ಬೇಯಿಸಿದ್ದೆಂದು ತೋರಿಸಬೇಕಾದ ಅನ್ನ ಬೇಳೆಗಳನ್ನು ಮುಂದಿನ ಕೋಣೆಯಿಂದ ಒಳಗೆ ಸಾಗಿಸುವ ಕೆಲಸ ನನಗೆ ಬಿತ್ತು. ಆಫೀಸಿನ ಚೀಲದಲ್ಲಿ ಡಬ್ಬಿ ಇಟ್ಟು, ಮೇಲೆ ಎರಡು ಫೈಲು ಮುಚ್ಚಿ, ಗಂಭೀರವಾಗಿ ನಡೆದುಹೋಗುತ್ತಿದ್ದೆ. ಶುಕ್ರವಾರ ಒಂದು ಮಗುವಿನ ಜನನ ಪತ್ರದ ಮೇಲೆ ಹಳದಿ ಕಲೆ ಕಂಡು ಅದರ ತಂದೆ ನನ್ನನ್ನು ವಿಚಿತ್ರವಾಗಿ ನೋಡಿದ.

"ಇಬ್ಬರಿಗೆ ಇಷ್ಟು ದೊಡ್ಡ ಪಾತ್ರೇಲಿ ಅನ್ನ ಯಾಕೆ?" ಎಂದು ಮಾವ ಕೇಳಿದರು ಒಮ್ಮೆ.

"ದುಃಖದಲ್ಲಿ ಅಳತೆ ತಪ್ಪುತ್ತೆ, ಅಣ್ಣ," ಎಂದಳು ತಾಯಿ.

ಮಾವ ನ್ಯಾಯಸ್ಥರು. "ತೀರ್ಪು ಹೇಳೋನು ಎರಡೂ ಕಡೆ ಉಣ್ಣಬೇಕು," ಎಂದು ಗುರುವಾರ ಮಧ್ಯಾಹ್ನ ತಂಗಿಯ ಒಲೆಯಲ್ಲೂ, ರಾತ್ರಿ ಸೊಸೆಯ ಒಲೆಯಲ್ಲೂ ಊಟ ಮಾಡಿದರು. ಅಣ್ಣ ಬಂದ ಸಂಭ್ರಮದಲ್ಲಿ ಅಂದು ತಾಯಿ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮಾವ ಎರಡು ಕಡೆಯೂ ನಿಧಾನವಾಗಿ ಉಂಡು, ಎರಡು ಕಡೆಯೂ "ಚೆನ್ನಾಗಿದೆ" ಎಂದು ಎದ್ದರು. ಊಟದ ಮೇಲೆ ಅಣ್ಣ ತಂಗಿ ಕಿಟಕಿಯ ಹತ್ತಿರ ಕೂತು, ಚಿಕ್ಕಂದಿನಲ್ಲಿ ಯಾರು ಯಾರ ಸ್ಲೇಟು ಒಡೆದದ್ದು ಎಂದು ವಾದ ಮಾಡುತ್ತಿದ್ದರು. ನನ್ನ ತಾಯಿ ಅಷ್ಟು ಮಾತಾಡಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಶನಿವಾರ ಎಂಜಿನಿಯರ್ ಫೋನ್ ಮಾಡಿದ.

"ಸಿಕ್ತು ಕಣೋ! ನಾಜಲ್ ಸಿಕ್ತು! ಹನ್ನೊಂದು ಅಂಗಡಿ ತಿರುಗಿದೆ. ನಾಳೆ ಬೆಳಿಗ್ಗೆ ಬರ್ತೀನಿ, ಐದು ನಿಮಿಷದ ಕೆಲಸ."

"ಅವಸರ ಏನಿಲ್ಲ. ಮುಂದಿನ ವಾರ ಬಾ. ಮುಂದಿನ ತಿಂಗಳು ಬಂದ್ರೂ ಸರಿ."

"ಅಂದ್ರೆ ನಿಂಗೆ ನನ್ನ ಮೇಲೆ ನಂಬಿಕೆ ಹೋಯ್ತು," ಎಂದ ಎಂಜಿನಿಯರ್. "ಆಯ್ತು. ನಾಳೆ ಬಂದು ನಾನು ಯಾರು ಅಂತ ತೋರಿಸ್ತೀನಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಬಂದ. ನಾನು ಮೆಟ್ಟಿಲಲ್ಲೇ ಅಡ್ಡಗಟ್ಟಿದೆ. ಅವನು ನನ್ನ ಕಂಕುಳ ಕೆಳಗೆ ನುಸುಳಿ ಒಳಗೆ ನಿಂತು, ಹಿತ್ತಾಳೆಯ ತುಂಡನ್ನು ಪದಕದಂತೆ ಎತ್ತಿ ಹಿಡಿದ.

"ಅಮ್ಮ, ಇನ್ನು ನೀವು ಇಲ್ಲಿ ಕೂತು ಬೇಯಿಸೋದು ಬೇಡ! ವಾರದಿಂದ ಸತ್ತು ಬಿದ್ದಿರೋ ಹೊಸ ಒಲೆಗೆ ಈಗ ಜೀವ ಕೊಡ್ತೀನಿ. ಇಬ್ಬರೂ ಹಾಯಾಗಿ ಒಳಗೇ ಅಡುಗೆ ಮಾಡ್ಕೊಳ್ಳಿ!"

ಎಲ್ಲ ಮುಗಿಯಿತು. ತಾಯಿಯ ಕೈಯಲ್ಲಿದ್ದ ಲಟ್ಟಣಿಗೆ ಗಾಳಿಯಲ್ಲೇ ನಿಂತಿತು. ಒಳಗೆ ಸೌಟಿನ ಗರಗರ ನಿಂತಿತು. ಮಾವ ಕನ್ನಡಕ ಹಾಕಿಕೊಂಡು ಎದ್ದರು.

"ಎಲ್ಲಿ, ಕೊಡಪ್ಪ."

ತುಂಡನ್ನು ತೆಗೆದುಕೊಂಡು ಅಡುಗೆಮನೆಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ಒಲೆಯ ಹಿಂದಿನ ತೂತಿಗೆ ಅದನ್ನು ಹಿಡಿದರು. ಗಣಿತ ಬಾರದ ನನಗೂ ಕಾಣುತ್ತಿತ್ತು, ಅದು ಅಲ್ಲಿಗೆಂದೇ ಹುಟ್ಟಿದಷ್ಟು ಸರಿಯಾಗಿ ಕೂರುತ್ತಿತ್ತು. ಮಾವ ಅದನ್ನು ಹಿಂದಕ್ಕೆ ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಇದು ಆಗಲ್ಲ. ಅಳತೆ ತಪ್ಪು."

"ಸಾರ್!" ಎಂದ ಎಂಜಿನಿಯರ್. "ಮೂರು ಸಲ ಅಳೆದಿದೀನಿ!"

"ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ಅಳತೆ ಅಂದ್ರೇನು ಅಂತ ನಂಗೆ ಹೇಳ್ತೀಯಾ? ತಗೊಂಡು ಹೋಗಿ ಬದಲಾಯಿಸ್ಕೊಂಡು ಬಾ. ನಿಧಾನವಾಗಿ ಬಾ."

ಎಂಜಿನಿಯರ್ ಜೀವನದಲ್ಲಿ ಮೊದಲ ಬಾರಿಗೆ ಸರಿಯಾದ ವಸ್ತು ತಂದಿದ್ದ. ಅದನ್ನು ಜೇಬಿಗೆ ಹಾಕಿಕೊಂಡು, ತಲೆ ತಗ್ಗಿಸಿ ಹೋದ.

ತಾಯಿ ಅಣ್ಣನನ್ನೇ ನೋಡುತ್ತಿದ್ದಳು. "ಅಣ್ಣ, ನಿಜವಾಗ್ಲೂ ಅಳತೆ ತಪ್ಪಾ?"

ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಕಾಪಿ ಹೊಡೆಯೋ ಹುಡುಗರನ್ನ ಹೇಗೆ ಹಿಡೀತಿದ್ದೆ ಗೊತ್ತಾ? ಸರಿ ಉತ್ತರ ಎಲ್ಲರದೂ ಒಂದೇ ಥರ ಇರುತ್ತೆ. ತಪ್ಪು ಒಂದೇ ಥರ ಇದ್ರೆ ಸಿಕ್ಕಿಬಿದ್ದ ಹಾಗೆ. ಗುರುವಾರ ಎರಡು ಒಲೆ ಬೇಳೇಲೂ ಉಪ್ಪಿರಲಿಲ್ಲ."

"ಗುರುವಾರವೇ ಗೊತ್ತಾಗಿತ್ತಾ? ಮತ್ತೆ ಯಾಕೆ ಸುಮ್ಮನಿದ್ದೆ?"

"ಗೊತ್ತಾಯ್ತು ಅಂದ್ರೆ ಹೊರಡಬೇಕಿತ್ತಲ್ಲ," ಎಂದರು ಮಾವ, ಒಲೆಯ ಕಡೆಗೆ ನೋಡುತ್ತ. "ನ್ಯಾಯ ಮಾಡಿಸೋಕೆ ಬಂದೋನು ಇರಬಹುದು. ಸುಮ್ಮನೆ ಇರೋಕೆ ಕರೀಬೇಕು. ನೀನು ಕರೆದಿರಲಿಲ್ಲ."

ಹೆಂಡತಿ ನನ್ನ ಬೆನ್ನಿಗೆ ಚಿವುಟಿದಳು, ಯಾಕೆಂದು ಗೊತ್ತಿಲ್ಲ. ಕೊನೆಗೆ ತಾಯಿ ಅಣ್ಣನ ತೋಳು ಹಿಡಿದು, "ಇರು ಅಣ್ಣ," ಎಂದಳು. ಎರಡೇ ಮಾತು. ಅದನ್ನು ಹೇಳುವುದಕ್ಕೆ ಆರು ವರ್ಷ ಹಿಡಿಯಿತು.

ಮಾವ ಏನೋ ನೆನಪಾದಂತೆ ಗಾಬರಿಯಾಗಿ ಮುಂದಿನ ಕೋಣೆಗೆ ಓಡಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು.

"ಏ ಎಂಜಿನಿಯರ್! ವಾಪಸ್ ಬಾರಪ್ಪ! ನಿನ್ನ ಅಳತೆ ಸರಿ ಇತ್ತು! ತಪ್ಪು ನಂದೇ!"

ಎದುರು ಕಿಟಕಿಯಲ್ಲಿ ಕಿಟಕಿಯಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. ನಲವತ್ತು ವರ್ಷದ ಅಧ್ಯಾಪನದಲ್ಲಿ ಮಾವನ ಬಾಯಿಂದ ಈ ಮಾತು ಬಂದದ್ದನ್ನು ಯಾವ ಶಿಷ್ಯನೂ ಕೇಳಿರಲಾರ.

"ಇದನ್ನೇ ಆರು ವರ್ಷದ ಹಿಂದೆ ನಂಗೆ ಹೇಳಿದ್ರೆ ಏನಾಗ್ತಿತ್ತು?" ಎಂದಳು ತಾಯಿ ಹಿಂದಿನಿಂದ.

"ಆಗ ನಕ್ಕಿದ್ದು ನೀನು."

"ಬಿದ್ದದ್ದು ನೀನು!"

ಎಂಜಿನಿಯರ್ ಬೀದಿಯ ತುದಿಯಿಂದ ಓಡಿ ಬರುತ್ತಿದ್ದ. ಮುಖದಲ್ಲಿ ಸೂರ್ಯ ಹುಟ್ಟಿತ್ತು. ಕೆಳಗೆ ನಿಂತು ಕೈ ಎತ್ತಿ ಏನನ್ನೋ ತೋರಿಸಿದ.

"ಇಲ್ಲ ಸಾರ್, ನೀವು ಹೇಳಿದ್ದೇ ಸರಿ! ಇಲ್ಲೇ ಮೂಲೆ ಅಂಗಡೀಲಿ ಕೇಳಿದೆ, ಅವನೂ ಅಳತೆ ತಪ್ಪು ಅಂದ! ಅದನ್ನ ಅವನಿಗೇ ಕೊಟ್ಟು ಬೇರೇದು ತಗೊಂಡು ಬಂದೆ, ಇದು ಇನ್ನೂ ದಪ್ಪ ಇದೆ!"

ತಾಯಿ ಗಿಡ್ಡ ಮಣೆಯ ಮೇಲೆ ಕೂತು, ಹಳೆಯ ಒಲೆಗೆ ಎರಡೇಟು ಕೊಟ್ಟು ಟೀಗೆ ನೀರಿಟ್ಟಳು.

"ಹೊಸ ಒಲೆ ಹತ್ತೋ ತನಕನಾದ್ರೂ ಇರ್ತೀಯಲ್ಲ, ಅಣ್ಣ?"

ಮಾವ ಕಿಟಕಿಯಿಂದ ಕೆಳಗೆ ನಿಂತಿದ್ದ ಎಂಜಿನಿಯರನ್ನು ಒಮ್ಮೆ ಚೆನ್ನಾಗಿ ನೋಡಿದರು. ಆಮೇಲೆ ಸೂಟ್‌ಕೇಸ್ ತೆರೆದು, ನಾಲ್ಕು ದಿನದಿಂದ ಮಡಿಸಿಯೇ ಇಟ್ಟಿದ್ದ ಅಂಗಿಗಳನ್ನೆಲ್ಲ ತೆಗೆದು ಗೂಟಕ್ಕೆ ನೇತುಹಾಕಿದರು.